ಗುಳೆ ಹೊರಡುವ ಮುನ್ನ ಸಮೀಕ್ಷೆ: ಗ್ರಾಮಾಭಿವೃದ್ಧಿ ಯೋಜನೆ ರೂಪಿಸುವ ಬಗೆ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಮಳೆಯಾಶ್ರಿತ ಹಳ್ಳಿಗಳಲ್ಲಿ ಕೆಲಸ ಮಾಡಬಯಸುವ ಸ್ವಯಂಸೇವಾ ಸಂಸ್ಥೆಯು ಮೊದಲು ಆ ಊರುಗಳ ವರ್ಷ ಹೇಗೆ ಸಾಗುತ್ತದೆ ಎಂಬುದನ್ನು ತಿಳಿಯಬೇಕು. ಸುಗ್ಗಿ ಮುಗಿಯುತ್ತಲೇ, ಮಳೆ ಕೈಕೊಟ್ಟರೆ ಅದಕ್ಕೂ ಮುಂಚೆಯೇ, ತುಂಡು ಭೂಮಿಯ ಕುಟುಂಬಗಳು ಬೆಂಗಳೂರು, ಪುಣೆ, ಗೋವಾ ಕಡೆಗೆ ಗುಳೆ ಹೋಗುತ್ತವೆ. ಯುಗಾದಿಗೆ ಕೆಲವರು, ಮುಂಗಾರಿಗೆ ಉಳಿದವರು ಮರಳುತ್ತಾರೆ. ಜನವರಿಯಲ್ಲಿ ಸಮೀಕ್ಷೆ ಮಾಡಿದರೆ ಬೀಗ ಬಿದ್ದ ಮನೆಗಳು ಲೆಕ್ಕಕ್ಕೇ ಸಿಗುವುದಿಲ್ಲ, ಮತ್ತು ಯೋಜನೆ ಯಾರಿಗೆ ಬೇಕೋ ಅವರೇ ಅದರಿಂದ ಹೊರಗುಳಿಯುತ್ತಾರೆ. ಆದ್ದರಿಂದ ಸಮೀಕ್ಷೆಗೆ ಬಿತ್ತನೆಯ ನಂತರದ ಬಿಡುವಿನ ವಾರಗಳೇ ಸರಿಯಾದ ಕಾಲ.

ಕಾಗದಪತ್ರಗಳನ್ನು ಅಷ್ಟರೊಳಗೆ ಮುಗಿಸಿಕೊಂಡಿರಬೇಕು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಿಯೋ, ಟ್ರಸ್ಟ್ ಆಗಿಯೋ, 2013ರ ಕಂಪನಿ ಕಾಯ್ದೆಯ 8ನೇ ಸೆಕ್ಷನ್‌ನಡಿ ಲಾಭರಹಿತ ಕಂಪನಿಯಾಗಿಯೋ ನೋಂದಣಿಯಾಗಬಹುದು. ಸ್ವಯಂಸೇವಾ ಸಂಸ್ಥೆಗಳ ವಿವರ ದಾಖಲಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಗುರುತಿನ ಸಂಖ್ಯೆ, ಆದಾಯ ತೆರಿಗೆ ವಿನಾಯಿತಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್ಆರ್) ಹಣ ಪಡೆಯಲು ಸಿಎಸ್ಆರ್-1 ನೋಂದಣಿ ಇವೂ ಬೇಕಾಗುತ್ತವೆ.

ಊರಿನ ಆಯ್ಕೆಯಲ್ಲಿ ಅವಸರ ಸಲ್ಲದು. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಈ ಎರಡೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಆದರೆ ಒಂದೇ ಊರಿನೊಳಗೆ ಎರೆ (ಕಪ್ಪು ಮಣ್ಣಿನ) ಹೊಲದವರಿಗೂ ಮಡ್ಡಿಯ, ಅಂದರೆ ಕಲ್ಲುದಿಬ್ಬದ, ಮಸಾರಿ (ಕೆಂಪು ಮಣ್ಣಿನ) ಹೊಲದವರಿಗೂ ಇರುವ ಅಂತರವನ್ನು ತಾಲ್ಲೂಕಿನ ಸರಾಸರಿ ತೋರಿಸುವುದಿಲ್ಲ. ಅದನ್ನು ಕಾಣಲು ಊರವರ ಜೊತೆ ಮಡ್ಡಿಯಿಂದ ಹಳ್ಳದವರೆಗೆ ನಡೆಯಬೇಕು, ಗುಡಿಯ ಮುಂದೆ ಅವರಿಂದಲೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಬೇಕು. ಗುಡಿಯ ಕಟ್ಟೆಗೆ ಎಲ್ಲರೂ ಬರಲಾರರು; ದಲಿತ ಕೇರಿಯಲ್ಲಿ ಇನ್ನೊಂದು, ಹೆಣ್ಣುಮಕ್ಕಳೊಂದಿಗೆ ಅವರ ಬಿಡುವಿನ ಹೊತ್ತಿನಲ್ಲಿ ಮತ್ತೊಂದು ನಕ್ಷೆ ಆಗಲೇಬೇಕು. ಮೂರೂ ನಕ್ಷೆಗಳು ಒಂದೇ ಬಗೆಯಾಗಿರುವುದು ಅಪರೂಪ. ಗಂಡಸರು ಹೊಲದ ಒಡ್ಡನ್ನು ಗುರುತಿಸಿದರೆ, ಹೆಂಗಸರು ಫ್ಲೋರೈಡ್ ಇರುವ ಕೊಳವೆಬಾವಿಯನ್ನೂ ಕುಡಿಯುವ ನೀರಿಗೆ ನಡೆಯುವ ದೂರವನ್ನೂ ಗುರುತಿಸಿರುತ್ತಾರೆ. ಈ ವ್ಯತ್ಯಾಸಗಳ ಮೇಲೆ ನಡೆಯುವ ಚರ್ಚೆಯೇ ಯೋಜನೆಯ ತಿರುಳು ಎಂದು ನಾನು ನಂಬಿದ್ದೇನೆ.

ಸಮಸ್ಯೆ ನಿಶ್ಚಯವಾದ ಮೇಲೆ ಅದನ್ನು ಗ್ರಾಮಸಭೆಯ ಮುಂದಿಟ್ಟು ಠರಾವು ಪಡೆಯಬೇಕು. ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಯಲ್ಲಿ ಅದೇ ಕಾಮಗಾರಿ ಈಗಾಗಲೇ ಇದೆಯೇ ಎಂದು ಅಭಿವೃದ್ಧಿ ಅಧಿಕಾರಿಯ ಬಳಿ ಪರಿಶೀಲಿಸಿದರೆ ಒಂದೇ ಕೆಲಸಕ್ಕೆ ಎರಡು ಬಾರಿ ಹಣ ಸುರಿಯುವುದು ತಪ್ಪುತ್ತದೆ.

ಪ್ರಸ್ತಾವನೆಯಲ್ಲಿ ಅಳೆಯಬಹುದಾದ ಮಾತುಗಳಿರಲಿ. ಒಂದು ಹೆಕ್ಟೇರ್ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1 ಲಕ್ಷ ಲೀಟರ್ ನೀರು. ಅದರಲ್ಲಿ ಎಷ್ಟು ಹರಿದುಹೋಗುತ್ತದೆ ಎಂಬ ಅಂದಾಜಿನಿಂದಲೇ ಕೃಷಿ ಹೊಂಡದ ಗಾತ್ರ ನಿರ್ಧಾರವಾಗಬೇಕು. ಕೆಲಸ ದಿಬ್ಬದಿಂದ ಕೆಳಗಿಳಿಯಬೇಕು: ಮೇಲಿನ ಹೊಲಗಳಿಗೆ ಒಡ್ಡು ಹಾಕದೆ ಕೆಳಗೆ ಚೆಕ್ ಡ್ಯಾಂ ಕಟ್ಟಿದರೆ ಅದು ಬೇಗ ಹೂಳು ತುಂಬಿಕೊಳ್ಳುತ್ತದೆ. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್‌ನ ಜಲಾನಯನ ಕಾರ್ಯಕ್ರಮ, ಸಿಎಸ್ಆರ್ ನಿಧಿ ಮುಂತಾದ ಹಣದ ಮೂಲಗಳನ್ನು ಇಷ್ಟಾದ ಮೇಲೆ ಹುಡುಕುವುದು ಒಳ್ಳೆಯದು, ಏಕೆಂದರೆ ಹಣ ಮೊದಲು ಬಂದರೆ ದಾನಿಯ ಇಷ್ಟವೇ ಊರಿನ ಅಗತ್ಯವಾಗಿಬಿಡುತ್ತದೆ.

ಆರಂಭ ಚಿಕ್ಕದಾಗಿರಲಿ. ಮೊದಲ ಬೇಸಿಗೆಯಲ್ಲಿ ಒಂದೇ ದಿಬ್ಬದ ಕೆಲವು ಹೊಲಗಳಿಗೆ, ಗುಳೆ ಹೋಗಿ ಬಂದವರಿಗೇ ಕೂಲಿ ಸಿಗುವಂತೆ, ಒಡ್ಡು ಹಾಕಿಸಿ ಒಂದು ಮಳೆಗಾಲ ಕಾದು ನೋಡಬೇಕು. ಖರ್ಚಿನ ಪಟ್ಟಿಯನ್ನು ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು. ಒಡೆದ ಒಡ್ಡನ್ನು ಯಾರು ಸರಿಪಡಿಸಬೇಕು, ಅದರ ಖರ್ಚಿಗೆ ಪ್ರತಿ ಮನೆಯಿಂದ ಎಷ್ಟು ವಂತಿಗೆ ಎಂಬುದನ್ನು ಆ ಹೊಲಗಳವರೇ ಸೇರಿ ಕಟ್ಟಿಕೊಂಡ ಬಳಕೆದಾರರ ಸಂಘವು ಎರಡನೇ ಹಂತದ ಕೆಲಸ ತೊಡಗುವ ಮೊದಲೇ ಬರೆದು ಸಹಿ ಹಾಕಿರಬೇಕು.