ಗುದ್ದೋದು ಬರುತ್ತಿತ್ತು, ಎಡಕ್ಕೆ ತಿರುಗೋದು ಬರುತ್ತಿರಲಿಲ್ಲ

ಹದಿನೇಳು ವಯಸ್ಸಿಗೆ ನಾನು 6 ಅಡಿ 1 ಇಂಚು, 205 ಪೌಂಡ್. ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ ನಮಗೆ ಗೊತ್ತಿದ್ದ ಕನ್ನಡದ ಮನೆಗಳಲ್ಲಿ ಐಸ್ ಹಾಕಿ ಆಡುತ್ತಿದ್ದ ಹುಡುಗ ನಾನೊಬ್ಬನೇ. ಎಡಗಡೆ ಡಿಫೆನ್ಸ್. ನನ್ನನ್ನು ತಂಡಕ್ಕೆ ತೆಗೆದುಕೊಂಡಿದ್ದೇ ಗುದ್ದೋದಕ್ಕೆ. ಗೋಲು ಹೊಡೆಯೋದು, ಚಂದದ ಪಾಸ್ ಕೊಡೋದು ನಿನ್ನ ಕೆಲಸ ಅಲ್ಲ ಅಂತ ಕೋಚ್ ಮೊದಲ ದಿನವೇ ಹೇಳಿಬಿಟ್ಟಿದ್ದರು.

ಗುದ್ದೋದು ಅಂದರೆ ಬಾಡಿ ಚೆಕ್. ಪಕ್ (ಐಸ್ ಮೇಲೆ ಜಾರುವ ರಬ್ಬರ್ ಬಿಲ್ಲೆ) ಯಾರ ಹತ್ತಿರ ಇದೆಯೋ ಅವನಿಗೆ ಮಾತ್ರ, ಭುಜದಿಂದ ಅಥವಾ ಸೊಂಟದಿಂದ. ಮೊಣಕೈ ಎತ್ತಿದರೆ, ದೂರದಿಂದ ಓಡಿ ಬಂದು ಹೊಡೆದರೆ, ಪಕ್ ಇಲ್ಲದವನಿಗೆ ಹೊಡೆದರೆ ಕನಿಷ್ಠ 2 ನಿಮಿಷ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂರಬೇಕು. ಅಷ್ಟು ಹೊತ್ತು ನಿಮ್ಮ ತಂಡದಲ್ಲಿ ಒಬ್ಬ ಕಡಿಮೆ.

ಮಂಡ್ಯ ಕಡೆ ಕಬಡ್ಡಿ ಆಡಿಕೊಂಡು ಬೆಳೆದ ನಮ್ಮಪ್ಪ ಮೊದಲ ಸಲ ರಿಂಕ್‌ಗೆ, ಅಂದರೆ ಆಟದ ಐಸ್ ಅಂಗಳಕ್ಕೆ ಬಂದಾಗ, ನಾನು ಒಬ್ಬನನ್ನು ಅದರ ಸುತ್ತಲಿನ ಗೋಡೆಗೆ, ಬೋರ್ಡ್ಸ್‌ಗೆ, ಒತ್ತಿ ಕೆಡವಿದ್ದು ನೋಡಿ, "ಲೋ, ಇದು ನಮ್ಮ ಡ್ಯಾಶ್ ಕಣೋ!" ಅಂದರು. ಅಮ್ಮ ಮಾತ್ರ ಫ್ಲಾಸ್ಕ್ ಹಿಡಿದುಕೊಂಡು ಆ ಹುಡುಗ ಎದ್ದನೋ ಇಲ್ಲವೋ ಅಂತ ನೋಡುತ್ತಿದ್ದಳು.

ಗುದ್ದು ಭುಜದಿಂದ ಬರುತ್ತೆ ಅಂತ ನೋಡುವವರಿಗೆ ಅನಿಸುತ್ತೆ. ಬರೋದು ಕಾಲಿನಿಂದ. ಎದುರಾಳಿ ವೇಗವಾಗಿ ಬರುವಾಗ ನಾವು ಹಿಂದಕ್ಕೆ ಸ್ಕೇಟ್ ಮಾಡುತ್ತಿರುತ್ತೇವೆ. ಅವನಿಗೂ ನಮಗೂ ನಡುವಿನ ಜಾಗಕ್ಕೆ ಗ್ಯಾಪ್ ಅಂತಾರೆ. ನಮ್ಮ ವಲಯ ಶುರುವಾಗುವ ಬ್ಲೂ ಲೈನ್ ಹತ್ತಿರ ಬರುವಷ್ಟರಲ್ಲಿ ಅದು ಒಂದು ಸ್ಟಿಕ್ ಉದ್ದಕ್ಕೆ ಇಳಿದಿರಬೇಕು. ನನ್ನ ಹೊರಭುಜ ಅವನ ಒಳಭುಜದ ನೇರಕ್ಕೆ. ಆಗ ಅವನಿಗೆ ಗೋಲಿನ ಕಡೆ ದಾರಿ ಇಲ್ಲ, ಬೋರ್ಡ್ಸ್ ಕಡೆ ಮಾತ್ರ. ರಿಂಕ್ 85 ಅಡಿ ಅಗಲ ಇದ್ದರೂ ಅವನಿಗೆ ಸಿಗೋದು ಒಂದು ಓಣಿ ಅಷ್ಟೇ. ಪಕ್ ನೋಡಬಾರದು, ಎದೆ ನೋಡಬೇಕು. ಪಕ್ ಮೋಸ ಮಾಡುತ್ತೆ, ಎದೆ ಮಾಡೋದಿಲ್ಲ. ಮೊದಲು ಸ್ಟಿಕ್ ಪಕ್ಕಿಗೆ, ಆಮೇಲೆ ಮಂಡಿ ಬಗ್ಗಿಸಿ ಮೈ.

ಇದು ನನಗೆ ಚೆನ್ನಾಗಿ ಬರುತ್ತಿತ್ತು. ಗೋಲಿನ ಮುಂದೆ ನಿಂತು ನಮ್ಮ ಗೋಲಿಯ (ಗೋಲ್‌ಕೀಪರ್‌ನ) ಕಣ್ಣು ಮರೆಸುವವರನ್ನು ಸೊಂಟದಿಂದ ನೂಕಿ ಹೊರಗೆ ಹಾಕೋದೂ ಬರುತ್ತಿತ್ತು. ಮೂಲೆಯಲ್ಲಿ ಪಕ್ಕಿಗೆ ಕಿತ್ತಾಟ ನಡೆದರೆ ಹತ್ತರಲ್ಲಿ ಏಳು ಸಲ ನಾನೇ ಎತ್ತಿಕೊಂಡು ಬರುತ್ತಿದ್ದೆ. ಮೊದಲ ಪೀರಿಯಡ್‌ನಲ್ಲಿ ಬದಿಯಲ್ಲಿ ಆಡುವ ಒಬ್ಬ ವಿಂಗರ್‌ಗೆ ಸರಿಯಾಗಿ ಒಂದು ಬಿದ್ದರೆ ಸಾಕು, ಉಳಿದ ಆಟದುದ್ದಕ್ಕೂ ಅವನು ನನ್ನ ಕಡೆ ಪಕ್ ಹಿಡಿದುಕೊಂಡು ಬರುತ್ತಲೇ ಇರಲಿಲ್ಲ.

ಅದೇ ನನಗೆ ಮುಳುವಾಯಿತು.

ಹಿಡಿದುಕೊಂಡು ಬರದಿದ್ದರೆ ಇನ್ನೇನು ಮಾಡುತ್ತಾರೆ? ಸೆಂಟರ್‌ನ ಕೆಂಪು ಗೆರೆ ದಾಟಿದ ತಕ್ಷಣ ಪಕ್ ಅನ್ನು ನನ್ನ ಹಿಂದಿನ ಮೂಲೆಗೆ ಎಸೆದು ಓಡುತ್ತಾರೆ. ಡಂಪ್ ಅಂತಾರೆ ಅದಕ್ಕೆ. ಈಗ ನಾನು ತಿರುಗಿ ಓಡಬೇಕು. ಹಿಂದಕ್ಕೆ ಹೋಗುತ್ತಿದ್ದವನು ವೇಗ ಕಳೆದುಕೊಳ್ಳದೆ ಮುಂದಕ್ಕೆ ತಿರುಗೋದಕ್ಕೆ ಪಿವಟ್ ಅಂತ ಹೆಸರು. ನನ್ನ ಜೊತೆ ಆಡುತ್ತಿದ್ದವರೆಲ್ಲ ನಾಲ್ಕು ವರ್ಷಕ್ಕೇ ಸ್ಕೇಟ್ ಕಟ್ಟಿದವರು. ನಾನು ಕಟ್ಟಿದ್ದು ಒಂಬತ್ತಕ್ಕೆ. ಬಲಕ್ಕೆ ಹೇಗೋ ತಿರುಗುತ್ತಿದ್ದೆ. ಎಡಕ್ಕೆ ಅಂದರೆ ಎರಡು ಪುಟ್ಟ ಹೆಜ್ಜೆ ಜಾಸ್ತಿ ಬೇಕಿತ್ತು. ಎಡ ಡಿಫೆನ್ಸ್ ಆಡುವವನಿಗೆ ಬೋರ್ಡ್ಸ್, ಮೂಲೆ ಎಲ್ಲ ಇರೋದು ಎಡಗಡೆಯೇ!

ಸೀಸನ್ ಅರ್ಧ ಆಗುವಷ್ಟರಲ್ಲಿ ಲೀಗ್‌ನ ಎಲ್ಲ ತಂಡಗಳಿಗೂ ಇದು ಗೊತ್ತಾಗಿತ್ತು. ನನ್ನ ಮೂಲೆಗೆ ಪಕ್ ಬೀಳೋದು, ನಾನು ಎತ್ತಿನಗಾಡಿ ತಿರುಗಿಸಿದ ಹಾಗೆ ತಿರುಗೋದು, ಪಕ್ ಕಸಿಯಲು ಬೆನ್ನಟ್ಟುವ ಅವರ ಫೋರ್‌ಚೆಕರ್ ಹಿಂದಿನಿಂದ ಬಂದು ನನಗೇ ಗುದ್ದೋದು. ನಾನು ಒಂದು ಸಲ ಗುದ್ದಿದ್ದಕ್ಕೆ ಐದು ಸಲ ತಿನ್ನುತ್ತಿದ್ದೆ. ಫೆಬ್ರವರಿಯಲ್ಲಿ ಹಾಗೇ ಬೋರ್ಡ್ಸ್‌ಗೆ ಬಿದ್ದು ಎಡಭುಜದ ಕೀಲು ಜಾರಿತು. ಆರು ವಾರ ಮನೆ.

ಇನ್ನೊಂದು ದೋಷ ಇದಕ್ಕಿಂತ ಕೆಟ್ಟದ್ದು. ಅದು ಕಾಲಿನದಲ್ಲ, ತಲೆಯದು. ನನಗೆ ಗುದ್ದಿನ ಚಟ ಹತ್ತಿತ್ತು. ಆಗ ನಮಗೆಲ್ಲ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ ನ್ಯೂಜೆರ್ಸಿ ಡೆವಿಲ್ಸ್ ತಂಡದ ಡಿಫೆನ್ಸ್‌ಮನ್ ಸ್ಕಾಟ್ ಸ್ಟೀವನ್ಸ್ ಅಂದರೆ ದೇವರು. 2003ರಲ್ಲಿ ಆ ಲೀಗ್‌ನ ಸ್ಟ್ಯಾನ್ಲಿ ಕಪ್ ಫೈನಲ್‌ನಲ್ಲಿ ಎದುರಾಳಿ ತಂಡದ ಪಾಲ್ ಕರಿಯಾ ಅವರಿಗೆ ಸ್ಟೀವನ್ಸ್ ಕೊಟ್ಟ ಏಟನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಅದೇ ಆಟದಲ್ಲಿ ಕರಿಯಾ ಎದ್ದು ಬಂದು ಗೋಲು ಹೊಡೆದದ್ದನ್ನು ಮಾತ್ರ ನಾವ್ಯಾರೂ ಹೇಳಿಕೊಳ್ಳುತ್ತಿರಲಿಲ್ಲ, ನೋಡಿ.

ಒಂದು ಪ್ಲೇಆಫ್ ಆಟ. ಅವರ ವಿಂಗರ್ ಬೋರ್ಡ್ಸ್ ಪಕ್ಕ ತಲೆ ತಗ್ಗಿಸಿಕೊಂಡು ಬಂದ. ನಾನು ಗೋಲಿನ ಮುಂದಿನ ಜಾಗ ಬಿಟ್ಟು ಹದಿನೈದು ಅಡಿ ಹೋಗಿ ಒಂದು ಗುದ್ದು ಇಟ್ಟೆ. ಬೋರ್ಡ್ಸ್ ಮೇಲಿನ ಗಾಜು ಅದುರಿತು, ಜನ ಕಿರುಚಿದರು. ತಿರುಗಿ ನೋಡಿದರೆ ನಮ್ಮ ಗೋಲಿ ಬಲೆಯಿಂದ ಪಕ್ ತೆಗೆಯುತ್ತಿದ್ದಾನೆ. ವಿಂಗರ್ ಆಗಲೇ ಪಾಸ್ ಕೊಟ್ಟಿದ್ದ. ನಾನು ಬಿಟ್ಟು ಹೋದ ಜಾಗದಲ್ಲಿ ಅವರ ಸೆಂಟರ್ (ನಡುವೆ ಆಡುವ ಫಾರ್ವರ್ಡ್) ಒಬ್ಬನೇ ನಿಂತಿದ್ದ.

ಕೋಚ್ ಬೈಯಲಿಲ್ಲ. ಮಾರನೇ ದಿನ ವಿಡಿಯೋ ಹಾಕಿ, ನನ್ನ ಭುಜ ತಾಗುವ ಕ್ಷಣಕ್ಕೆ ನಿಲ್ಲಿಸಿದರು. "ಗುದ್ದು ಚೆನ್ನಾಗಿದೆ. ಪಕ್ ಎಲ್ಲಿದೆ ತೋರಿಸು" ಅಂದರು.

ಮನೆಗೆ ಬಂದು ಅಪ್ಪನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಕಬಡ್ಡಿಯಲ್ಲೂ ರೈಡರ್ ಇನ್ನೂ ಒಳಗೆ ಬರುವ ಮೊದಲೇ ನುಗ್ಗಿ ಹಿಡಿಯಲು ಹೋಗುವವರು ಇರುತ್ತಾರಂತೆ. ಪಾಯಿಂಟ್ ಕೊಟ್ಟು ಆಚೆ ಕೂರೋರು ಅವರೇ ಅಂದರು. ನನಗೆ ಆಗ ಸಿಟ್ಟು ಬಂದಿತ್ತು.

ಆ ಬೇಸಿಗೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಆರಕ್ಕೆ ರಿಂಕ್. ಬರೀ ಎಡಗಡೆ ಪಿವಟ್. ಬ್ಲೂ ಲೈನ್‌ನಿಂದ ಹಿಂದಕ್ಕೆ ನಾಲ್ಕು ಹೆಜ್ಜೆ, ಎಡ ಸೊಂಟ ತೆರೆ, ತಿರುಗು, ಮೂರು ಜೋರು ಹೆಜ್ಜೆ. ಇಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ. ಜೊತೆಗೆ ಪಕ್ ಮುಟ್ಟುವ ಮೊದಲು ಎರಡು ಸಲ ಭುಜದ ಮೇಲಿಂದ ಹಿಂದೆ ನೋಡುವ ಅಭ್ಯಾಸ. ಯಾರು ಬರುತ್ತಿದ್ದಾರೆ, ಯಾವ ಕಡೆಯಿಂದ ಅಂತ ಗೊತ್ತಿದ್ದರೆ ಅರ್ಧ ಏಟು ತಪ್ಪುತ್ತೆ. ಇನ್ನರ್ಧ ಗೋಲಿಯ ಬಾಯಿಂದ. ಅವನು "ಟೈಮ್" ಅಂತ ಕೂಗಿದರೆ ನಿಧಾನ, "ಮ್ಯಾನ್ ಆನ್" ಅಂದರೆ ಗಾಜಿಗೆ ಹೊಡೆದು ಹೊರಗೆ ಹಾಕು.

ಕಾಲಿಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ನಿಲ್ಲುವ ಜಾಗ ಬದಲಿಸಿದ್ದು. ಅವರು ಕೆಂಪು ಗೆರೆ ದಾಟುವ ಮೊದಲೇ ನಾನು ಹತ್ತಿರ ಹೋಗಿ ನಿಂತರೆ? ಗೆರೆಯ ಆಚೆಯಿಂದ ಪಕ್ ಎಸೆದು ಅದು ಯಾರಿಗೂ ತಾಗದೆ ನಮ್ಮ ಗೋಲ್ ಲೈನ್ ದಾಟಿದರೆ ಅದು ಐಸಿಂಗ್. ಆಟ ಮತ್ತೆ ಅವರ ಕಡೆಯೇ ಶುರು. ಹಾಗಾಗಿ ಅವರಿಗೆ ನನ್ನ ಮೇಲಿದ್ದ ಹೆದರಿಕೆಯನ್ನು ಇಪ್ಪತ್ತು ಅಡಿ ಮುಂದಕ್ಕೆ ಹೊತ್ತುಕೊಂಡು ಹೋದೆ. ಇದರಲ್ಲಿ ಅಪಾಯವೂ ಇದೆ. ನಮ್ಮ ಫಾರ್ವರ್ಡ್ ಒಬ್ಬ ಹಿಂದೆ ಬೆನ್ನಟ್ಟಿ ಬರುತ್ತಿಲ್ಲದಿದ್ದರೆ, ನನ್ನಂಥ ನಿಧಾನದವನು ಅಷ್ಟು ಮುಂದೆ ಹೋಗಬಾರದು. ಎರಡು ಸಲ ಹೋಗಿ ಮಂಗ ಆಗಿದ್ದೇನೆ.

ಡೆಟ್ರಾಯ್ಟ್‌ನ ನಿಕ್ಲಾಸ್ ಲಿಡ್‌ಸ್ಟ್ರೋಮ್ ಅವರನ್ನು ನಿಜವಾಗಿ ನೋಡಲು ಶುರು ಮಾಡಿದ್ದು ಆಗಲೇ. ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನು 7 ಸಲ ಗೆದ್ದವರು, ಗುದ್ದಿದ್ದು ಮಾತ್ರ ತೀರಾ ಕಡಿಮೆ. ಮೊದಲು ಬೋರು ಅಂತ ಚಾನೆಲ್ ಬದಲಿಸುತ್ತಿದ್ದೆ. ಕಾಲ ಕೂಡ ಅವರಂಥವರ ಕಡೆಗೇ ವಾಲಿತ್ತು. 2005ರಲ್ಲಿ ಎನ್‌ಎಚ್‌ಎಲ್ ಕೊಕ್ಕೆ ಹಾಕಿ ಎಳೆಯೋದು, ಹಿಡಿದುಕೊಳ್ಳೋದಕ್ಕೆಲ್ಲ ಬಿಗಿಯಾಗಿ ಪೆನಾಲ್ಟಿ ಕೊಡಲು ಶುರು ಮಾಡಿತು. ದೊಡ್ಡ ಮೈಯ, ನಿಧಾನ ಕಾಲಿನ ಡಿಫೆನ್ಸ್‌ಮನ್‌ಗಳು ಅದುವರೆಗೆ ಬಚಾವಾಗುತ್ತಿದ್ದದ್ದೇ ಆ ಕೊಕ್ಕೆಯಿಂದ.

ಒಂದು ಏಟಿನ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತೆ. ನನ್ನ ಹದಿನಾರನೇ ವಯಸ್ಸಿನಲ್ಲಿ ಒಬ್ಬ ಹುಡುಗನಿಗೆ ನನ್ನ ಭುಜ ತಲೆಗೆ ತಾಗಿತು. ರೆಫರಿ ಸೀಟಿ ಊದಲಿಲ್ಲ. ಬೆಂಚ್ ಮೇಲೆ ಕೂತ ಅವನು ಯಾವ ತಂಡದ ಜೊತೆ ಆಡುತ್ತಿದ್ದೇನೆ ಅಂತ ಪಕ್ಕದವನನ್ನು ಕೇಳುತ್ತಿದ್ದನಂತೆ. ಬದಿಯಿಂದ ಬಂದು ತಲೆಗೆ ಹೊಡೆಯುವುದರ ವಿರುದ್ಧ ಎನ್‌ಎಚ್‌ಎಲ್ ನಿಯಮ ತಂದದ್ದು 2010ರಲ್ಲಿ. 2013ರಲ್ಲಿ ಹಾಕಿ ಕೆನಡಾ 11–12 ವಯಸ್ಸಿನ ಪೀವೀ ಮಕ್ಕಳಿಗೆ ಬಾಡಿ ಚೆಕ್ ಅನ್ನೇ ನಿಲ್ಲಿಸಿತು. ನಮ್ಮ ದೇವರು ಸ್ಟೀವನ್ಸ್ ಅವರ ಆಟ ಮುಗಿದದ್ದೂ ತಲೆಯ ಪೆಟ್ಟಿನ ತೊಂದರೆಯಿಂದಲೇ. ನಾನು ಆ ಹುಡುಗನನ್ನು ಆಮೇಲೆ ನೋಡಲಿಲ್ಲ.

ಈಗ ಭಾನುವಾರ ರಾತ್ರಿ ದೊಡ್ಡವರ ಲೀಗ್‌ನಲ್ಲಿ ಆಡುತ್ತೇನೆ. ಚೆಕ್ ಇಲ್ಲ, ಸುಮ್ನೆ ಮೈ ತಾಗಿದರೂ ಪೆನಾಲ್ಟಿಗೆ ಕೈ ಎತ್ತುವ ರೆಫರಿ. ಸ್ಟಿಕ್ ಮುಂದೆ ಇಟ್ಟು, ಹೊರಭುಜ ಅವನ ಒಳಭುಜಕ್ಕೆ ಕೂರಿಸಿ ಹಿಂದಕ್ಕೆ ಹೋಗುತ್ತಾ ಇರುತ್ತೇನೆ, ಅಷ್ಟೇ. ಹೋದ ವಾರ ಇಪ್ಪತ್ತರ ಹುಡುಗನೊಬ್ಬ ಹಾಗೇ ಓಣಿಗೆ ಸಿಕ್ಕಿಕೊಂಡ. ಒಂದು ಕ್ಷಣ ನನ್ನ ಕಾಲು ನೋಡಿದ. ಆಮೇಲೆ ಪಕ್ ಅನ್ನು ನನ್ನ ಎಡಮೂಲೆಗೆ ಎಸೆದು ಓಡಿದ. ಯಾರೂ ಹೇಳಿಕೊಡದೆ ಅವನಿಗೆ ಹೇಗೆ ಗೊತ್ತಾಯಿತೋ!