ಹನ್ನೊಂದು ದಿನದ ಕೂಲಿ

ಮೂರು ವರ್ಷದ ಹಿಂದೆ ಕ್ರಿಸ್‌ಮಸ್‌ಗೆ ನಮ್ಮ ಕ್ಯಾಥೊಲಿಕ್ ಚರ್ಚಿನ ಯುವಕರ ಜೊತೆ ಸೇರಿ ಗಾರೆ ಕೆಲಸದವರಿಗೆ ಅಕ್ಕಿ, ಬೇಳೆ, ಎಣ್ಣೆ ಹಂಚಿದೆ. ದಾವಣಗೆರೆಯಲ್ಲಿ ಬೆಳಿಗ್ಗೆ ಏಳಕ್ಕೆಲ್ಲ ಕೂಲಿಯವರು ಬುತ್ತಿ ಹಿಡಿದು ನಿಲ್ಲುವ ಸರ್ಕಲ್‌ಗಳಿವೆ. ಅಂಥದ್ದೊಂದು ಕಡೆ, ಜಗಳೂರು ಸೀಮೆಯ ಹೆಂಗಸೊಬ್ಬರು ಚೀಲ ತಗೊಂಡು ಪಕ್ಕಕ್ಕಿಟ್ಟು ಕೇಳಿದರು: "ಅಕ್ಕಿ ಸೊಸೈಟ್ಯಾಗೂ ಕೊಡ್ತಾರಣ್ಣ. ನನ್ನ 11 ದಿನದ ಕೂಲಿ ಬಂದಿಲ್ಲ, ಕೊಡಸ್ತೀಯೇನು?"

ನಾನು ಏನೂ ಹೇಳಲಾಗದೆ ನಿಂತೆ. ಆ ರಾತ್ರಿ ಚರ್ಚಿನ ಬಲಿಪೂಜೆಯಲ್ಲೂ (ಮಾಸ್) ಅದೇ ಮಾತು ಕಿವಿಯಲ್ಲಿತ್ತು. ಚಿಕ್ಕವನಿದ್ದಾಗ ಚರ್ಚಿನ ಧರ್ಮಪಾಠದ ಕ್ಲಾಸಿನಲ್ಲಿ ಸಿಸ್ಟರ್ ಬಾಯಿಪಾಠ ಮಾಡಿಸಿದ್ದು ನೆನಪಾಯಿತು. ದೇವರ ಮುಂದೆ ತಾವೇ ಹೋಗಿ ಮೊರೆಯಿಡುವಂಥ ಪಾಪಗಳಿವೆ. ಅವುಗಳಲ್ಲಿ ಕೊಲೆ ಒಂದು, ದುಡಿದವರ ಕೂಲಿ ಹಿಡಿದಿಡುವುದು ಇನ್ನೊಂದು. ಎರಡೂ ಒಂದೇ ಸಾಲಿನಲ್ಲಿ! ಪರೀಕ್ಷೆಗೆ ಬರೆದು ಮರೆತೇಬಿಟ್ಟಿದ್ದೆ.

ನಮ್ಮ ತಂದೆ ಕಾಟನ್ ಮಿಲ್ಲಿನಲ್ಲಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಮಿಲ್ಲು ಮುಚ್ಚಿದಾಗ ನಮ್ಮ ಮನೆ ನಡೆದಿದ್ದು ಅವರ ಪಿ.ಎಫ್. ದುಡ್ಡಿನಿಂದ. ಅವರು ದುಡಿದದ್ದಕ್ಕೆ ಒಂದು ಲೆಕ್ಕ ಇತ್ತು, ಅದಕ್ಕೆ ಕಾಗದ ಇತ್ತು. ಗಾರೆ ಕೆಲಸದವರಿಗೆ ಅಂಥ ಕಾಗದ ಯಾವುದು ಅಂತ ವಿಚಾರಿಸಿದಾಗ ಗೊತ್ತಾಗಿದ್ದು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ಮಾಡಿಸಬಹುದು. ಅಪಘಾತಕ್ಕೆ, ಮದುವೆಗೆ ಸಹಾಯ, 60 ದಾಟಿದ ಮೇಲೆ ಪಿಂಚಣಿ. ನಾನು ಅಕೌಂಟ್ಸ್ ಕೆಲಸದವನು, ಅರ್ಜಿ ತುಂಬುವುದೇನು ಮಹಾ ಅಂದುಕೊಂಡೆ.

ಮೊದಲು ತಪ್ಪಿದ್ದು ಜಾಗ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಕಾಂಪೌಂಡಿನಲ್ಲೇ ಟೇಬಲ್ ಹಾಕಿದೆ. ನಾಲ್ಕು ವಾರವಾದರೂ ಬಂದವರು ನಮ್ಮವರೇ. ಉಳಿದವರು ಗೇಟಿನ ಹೊರಗೆ ನಿಂತು ನೋಡಿ ಹೋಗುತ್ತಿದ್ದರು. "ಒಳಗೆ ಹೋದ್ರೆ ಮತಾಂತರ ಮಾಡ್ತಾರೆ ಅಂತಾರಲ್ಲ ಸಾರ್" ಎಂದು ಒಬ್ಬ ಹುಡುಗ ನೇರವಾಗಿ ಹೇಳಿದ. ನೋವಾಯಿತು. ಆದರೆ ಅವನು ಹೇಳಿದ್ದು ಒಳ್ಳೆಯದೇ ಆಯಿತು. ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ ನಮ್ಮ ಧರ್ಮಸಭೆ, ಜಗತ್ತಿನ ಬಿಷಪ್‌ಗಳು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1965ರಲ್ಲೇ ಬರೆದಿಟ್ಟಿದೆ. ಅದನ್ನು ಅವರಿಗೆ ಓದಿ ಹೇಳಿದರೆ ಏನು ಬಂತು? ಟೇಬಲ್ ಎತ್ತಿಕೊಂಡು ಸರ್ಕಲ್ ಪಕ್ಕದ ಟೀ ಅಂಗಡಿಗೆ ಹೋದೆ. ಪಟ ಇಲ್ಲ, ಪ್ರಾರ್ಥನೆ ಇಲ್ಲ. ಅರ್ಜಿ, ಪೆನ್ನು, ಫೋನು, ಅಷ್ಟೇ. ಫಾದರ್ ಕೂಡ ಇದಕ್ಕೆ ಒಪ್ಪಿದರು.

ಅಲ್ಲಿ ನಿಂತಾಗ ಶುಭಸಂದೇಶದ ಒಂದು ಭಾಗ ನನಗೆ ಹೊಸದಾಗಿ ಕೇಳಿಸಿತು. ಮತ್ತಾಯ 20, ಯೇಸು ಹೇಳಿದ ಕಥೆ. ಸಂಜೆ ಐದು ಗಂಟೆಗೂ ಪೇಟೆಯಲ್ಲಿ ಸುಮ್ನೆ ನಿಂತವರನ್ನು ತೋಟದ ಯಜಮಾನ ಯಾಕೆ ಅಂತ ಕೇಳುತ್ತಾನೆ. ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಅಂತಾರೆ ಅವರು. ಹತ್ತು ಗಂಟೆಯಾದರೂ ಬುತ್ತಿ ಬಿಚ್ಚದೆ ಫುಟ್‌ಪಾತಿನ ಮೇಲೆ ಕೂತವರನ್ನು ಕೇಳಿ ನೋಡಿ. ಇದೇ ಉತ್ತರ. ಅಕ್ಷರ ಕೂಡ ಬದಲಾಗಲ್ಲ.

ಕೈಗೇ ಸಿಗದಿದ್ದದ್ದು ಆ 90 ದಿನದ ಸಾಕ್ಷಿ. ಇವತ್ತು ವಿದ್ಯಾನಗರದಲ್ಲಿ ಒಂದು ಮನೆ, ನಾಡಿದ್ದು ನಿಟ್ಟುವಳ್ಳಿಯಲ್ಲಿ ಇನ್ನೊಂದು. ಮೇಸ್ತ್ರಿಯ ಪೂರ್ತಿ ಹೆಸರೂ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಅದಕ್ಕೆ ಸಣ್ಣ ನೋಟ್‌ಬುಕ್ ಕೊಡಲು ಶುರು ಮಾಡಿದೆ. ತಾರೀಖು, ಜಾಗ, ಮೇಸ್ತ್ರಿಯ ಹೆಸರು, ಬಂದ ಕೂಲಿ, ಬಾಕಿ. ಬರೆಯಲು ಬಾರದವರಿಗೆ ಮಕ್ಕಳು ಬರೆದುಕೊಡುತ್ತಿದ್ದರು. ನೋಟ್‌ಬುಕ್ ಇದ್ದರೆ ಸಹಿ ಕೇಳುವಾಗ ಮಾತಿಗೆ ತೂಕ ಬರುತ್ತದೆ. ಇದೊಂದನ್ನು ಮಾತ್ರ ಈ ಕೆಲಸಕ್ಕೆ ಇಳಿಯುವವರೆಲ್ಲ ಮೊದಲ ದಿನವೇ ಮಾಡಬೇಕು.

ಅರ್ಜಿಗೆ ಓಟಿಪಿ ಬೇಕು, ಓಟಿಪಿಗೆ ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬೇಕು. ಅದಿಲ್ಲದೆ ಆ ಜಗಳೂರಿನ ಅಕ್ಕನನ್ನು ಆಧಾರ್ ಸೆಂಟರ್‌ಗೆ ಕರೆದುಕೊಂಡು ಹೋದೆ. ಹೆಬ್ಬೆಟ್ಟು ಇಟ್ಟರು, ಬರಲಿಲ್ಲ. ಸೆರಗಿಗೆ ಒರೆಸಿ ಮತ್ತೆ ಇಟ್ಟರು. ತೋರುಬೆರಳು, ನಡುಬೆರಳು, ಎಡಗೈ. ಯಾವುದೂ ಬರಲಿಲ್ಲ. ಕೈ ಹಿಡಿದು ನೋಡಿದೆ. ಸಿಮೆಂಟು ತಿಂದು ತಿಂದು ಬೆರಳ ತುದಿ ನುಣ್ಣಗಾಗಿತ್ತು, ಗೆರೆಯೇ ಇಲ್ಲ. ಅಂಚಿನಲ್ಲಿ ಮಾತ್ರ ಕಪ್ಪು ಬಿರುಕು. ತಪ್ಪು ತನ್ನದೇ ಅನ್ನೋ ಹಾಗೆ ಅವರು ಕೈ ಹಿಂದಕ್ಕೆ ಎಳೆದುಕೊಂಡರು. ಕೊನೆಗೆ ಕಣ್ಣಿನ ಸ್ಕ್ಯಾನ್‌ನಲ್ಲಿ ಕೆಲಸ ಆಯಿತು.

ಎಲ್ಲಕ್ಕಿಂತ ಕಷ್ಟವಾಗಿದ್ದು ನಮ್ಮ ಚರ್ಚಿನ ಒಳಗಿನ ಕೆಲಸ. ಎರಡು ನೋಟ್‌ಬುಕ್‌ಗಳಲ್ಲಿ ಬಾಕಿ ಎಂದಿದ್ದ ಕಡೆ ಒಂದೇ ಹೆಸರು. ಪ್ರತಿ ಭಾನುವಾರ ಮುಂದಿನ ಬೆಂಚಿನಲ್ಲಿ ಕೂರುವ ಕಂಟ್ರಾಕ್ಟರ್. ನನ್ನ ಮಗಳ ನಾಮಕರಣಕ್ಕೆ ಬಂದು ಹರಸಿದವರು. ಎರಡು ವಾರ ಸುಮ್ಮನಿದ್ದೆ. ಆಮೇಲೆ ಒಬ್ಬನೇ ಅವರ ಮನೆಗೆ ಹೋಗಿ ನೋಟ್‌ಬುಕ್ ಮುಂದಿಟ್ಟೆ. ಅವರ ಬಿಲ್ಲೂ ಎಲ್ಲೋ ಸಿಕ್ಕಿಬಿದ್ದಿತ್ತು, ಆ ಮಾತು ಸುಳ್ಳಲ್ಲ. "ಚರ್ಚಿನವನಾಗಿ ನನ್ನ ಮೇಲೆ ಲೆಕ್ಕ ಬರೆಸ್ತೀಯಾ?" ಎಂದರು. ಅವರ ಬಿಲ್ಲು ತಡವಾದರೂ ಅವರ ಮನೆಯಲ್ಲಿ ಒಲೆ ಉರಿಯುತ್ತೆ, ಕೂಲಿಯವರ ಮನೆಯಲ್ಲಿ ಉರಿಯಲ್ಲ. ಅದನ್ನೇ ಹೇಳಿದೆ. ಆ ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು, ಪೂರ್ತಿ ನನ್ನ ಜೊತೆ ಮಾತಾಡಲಿಲ್ಲ. ಪಾಸ್ಕಹಬ್ಬಕ್ಕೆ (ಈಸ್ಟರ್) ಮುಂಚೆ ಅರ್ಧ ಕೊಟ್ಟರು, ಮಳೆಗಾಲದಲ್ಲಿ ಉಳಿದದ್ದು.

2025ರ ಮೇ ತಿಂಗಳಲ್ಲಿ ಹೊಸ ಪೋಪ್ ಲಿಯೋ ಎಂಬ ಹೆಸರು ಇಟ್ಟುಕೊಂಡರು. 1891ರಲ್ಲಿ ಕಾರ್ಮಿಕರ ಕೂಲಿ, ಸಂಘಟನೆಯ ಹಕ್ಕಿನ ಬಗ್ಗೆ ಇಡೀ ಧರ್ಮಸಭೆಗೆ ವಿಶ್ವಪತ್ರ ಬರೆದ ಪೋಪ್ 13ನೇ ಲಿಯೋ ಅವರ ನೆನಪಿಗೆ ಅಂತ ತಾವೇ ಹೇಳಿದರು. ಒಪ್ಪಿಕೊಂಡ ಕೂಲಿ ಅನ್ನೋದೇ ನ್ಯಾಯವಾದ ಕೂಲಿ ಆಗಲ್ಲ, ಅದರಲ್ಲಿ ಕುಟುಂಬ ಬದುಕಬೇಕು ಅನ್ನೋದು ಆ ಪತ್ರದ ಮಾತು. ನಮ್ಮ ಯುವಕರ ಸಭೆಯಲ್ಲಿ ಅದನ್ನು ಓದಿಸಿದೆ. ಈಗ ಅವರಲ್ಲಿ ಮೂವರು ಟೀ ಅಂಗಡಿಗೆ ಬರುತ್ತಾರೆ.

ಜಗಳೂರಿನ ಅಕ್ಕನಿಗೆ ಕಾರ್ಡ್ ಬಂದಿದೆ. ಆ 11 ದಿನದ ಕೂಲಿ ಮಾತ್ರ ಬರಲಿಲ್ಲ. ಆಗ ಏನೂ ಬರೆದಿಟ್ಟಿರಲಿಲ್ಲ, ಮೇಸ್ತ್ರಿ ಊರು ಬಿಟ್ಟಿದ್ದ. ಅವರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ನಾನು ಹೇಳದೇನೇ, ಮಗಳ ಕೈಯಲ್ಲಿ ಬರೆಸಿದ್ದಾರೆ: "11 ದಿನ. ಬಾಕಿ."