ಡಿಸ್ಟ್ರೋ ಆರಿಸಲು ಹಳೆ ಆವೃತ್ತಿ ಹಾಕಿ ನೋಡಿದೆ

ಸರ್ವರ್‌ಗೆ ಯಾವ ಲಿನಕ್ಸ್ ಡಿಸ್ಟ್ರೋ (ಉಬುಂಟು, ಡೆಬಿಯನ್ ಥರ ಲಿನಕ್ಸ್‌ನ ಒಂದೊಂದು ಸಿದ್ಧ ರೂಪ) ಅಂತ ಯೋಚಿಸುವಾಗ ಎಲ್ಲರೂ ಹೊಸ ಆವೃತ್ತಿಯನ್ನೇ ಹಾಕಿ ನೋಡುತ್ತಾರೆ. ನಾನು ಬೇಕಂತಲೇ ಹಳೆಯದನ್ನು ಹಾಕಿದೆ.

ಅದಕ್ಕೆ ಕಾರಣ ಇದೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್‌ಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತು ವರ್ಷವೇ ಆಗಿತ್ತು. ಅಪ್‌ಗ್ರೇಡ್ ಮಾಡಲು ಧೈರ್ಯ ಸಾಲದೆ ಮುಂದೂಡುತ್ತಾ ಬಂದೆ. ಕೊನೆಗೆ ಎರಡು ರಾತ್ರಿ ನಿದ್ದೆಗೆಟ್ಟು ಎಲ್ಲವನ್ನೂ ಬೇರೆ ಸರ್ವರ್‌ಗೆ ಸಾಗಿಸಿದೆ. ಇನ್‌ಸ್ಟಾಲ್ ಅರ್ಧ ಗಂಟೆಯ ಕೆಲಸ. ಆಮೇಲೆ ಅದರ ಜೊತೆ ವರ್ಷಗಟ್ಟಲೆ ಏಗಬೇಕು ಅಲ್ವಾ? ಹಾಗಾಗಿ ಹಳೆಯದನ್ನು ಹಾಕಿ, ಹೊಸದಕ್ಕೆ ಅಪ್‌ಗ್ರೇಡ್ ಮಾಡುವಾಗ ಏನಾಗುತ್ತದೆ ಅಂತ ಮೊದಲೇ ನೋಡಲು ಹೊರಟೆ.

ಮೊದಲು ಬೆಂಬಲದ ಅವಧಿ, ಅಂದರೆ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ ಅಂತ ನೋಡಿದೆ. ಉಬುಂಟು ಎಲ್‌ಟಿಎಸ್‌ಗೆ (ಎಲ್‌ಟಿಎಸ್ ಅಂದರೆ ದೀರ್ಘಕಾಲದ ಬೆಂಬಲ) 5 ವರ್ಷ, ಡೆಬಿಯನ್‌ಗೆ ಎಲ್‌ಟಿಎಸ್ ಸೇರಿ 5, ಆಲ್ಮಾ ಮತ್ತು ರಾಕಿಗೆ 10. ಆದರೆ ದಿನಾಂಕ ಒಂದನ್ನೇ ನಂಬಿ ಕೂರುವಂತಿಲ್ಲ. 2029ರವರೆಗೆ ಇರಬೇಕಿದ್ದ ಸೆಂಟ್‌ಓಎಸ್ 8 ಎಂಬ ಡಿಸ್ಟ್ರೋದ ಗಡುವನ್ನು 2020ರ ಡಿಸೆಂಬರ್‌ನಲ್ಲಿ 2021ರ ಕೊನೆಗೆ ಇಳಿಸಿದರು. ಆಲ್ಮಾ, ರಾಕಿ ಹುಟ್ಟಿದ್ದೇ ಅದರಿಂದ. ಆಲ್ಪೈನ್ ಪುಟ್ಟದು, ನನಗೆ ಇಷ್ಟ. ಆದರೆ ಪ್ರೋಗ್ರಾಂಗಳು ಓಡಲು ಬೇಕಾದ ಮೂಲ ಲೈಬ್ರರಿಯಾಗಿ ಅದರಲ್ಲಿರುವುದು ಮಸ್ಲ್, ನಮ್ಮ ಒಂದು ಪ್ರೋಗ್ರಾಂಗೆ ಗ್ಲಿಬ್‌ಸಿ ಎಂಬ ಬೇರೆ ಲೈಬ್ರರಿಯೇ ಬೇಕು. ಅಲ್ಲಿಗೆ ಅದನ್ನು ಬಿಟ್ಟೆ.

ಉಳಿದವುಗಳಲ್ಲಿ ಡೆಬಿಯನ್ 11 ಮತ್ತು ಉಬುಂಟು 20.04 ಎರಡನ್ನೂ ವಿಎಂಗಳಲ್ಲಿ (ಕಂಪ್ಯೂಟರ್‌ನೊಳಗೆ ಓಡುವ ವರ್ಚುವಲ್ ಕಂಪ್ಯೂಟರ್‌ಗಳಲ್ಲಿ) ಹಾಕಿದೆ. ನಮ್ಮ ಆ್ಯಪ್, ಎನ್‌ಜಿನ್‌ಎಕ್ಸ್ ವೆಬ್ ಸರ್ವರ್, ಪೋಸ್ಟ್‌ಗ್ರೆಸ್ ಡೇಟಾಬೇಸ್, ನಿಜವಾದ ಡೇಟಾದ ಒಂದು ಕಾಪಿ, ಎಲ್ಲವನ್ನೂ ತುಂಬಿದೆ. ಆಮೇಲೆ ಅಪ್‌ಗ್ರೇಡ್ ಶುರು ಮಾಡಿದೆ.

ಡೆಬಿಯನ್ 12ಕ್ಕೆ ಹೋಗುವಾಗ, ನಾನು ತಿದ್ದಿದ್ದ ಒಂದು ಕಾನ್ಫಿಗ್ ಫೈಲ್ (ಸೆಟ್ಟಿಂಗ್‌ಗಳಿರುವ ಫೈಲ್) ಹತ್ತಿರ ಅದು ನಿಂತು ಕೇಳಿತು: ನಿಮ್ಮದು ಇರಲಾ, ಹೊಸದು ಹಾಕಲಾ? ಡಿ ಒತ್ತಿದರೆ ಎರಡಕ್ಕೂ ಇರುವ ವ್ಯತ್ಯಾಸ ಸಾಲು ಸಾಲಾಗಿ ಕಾಣುತ್ತದೆ. ಸುಮ್ನೆ ಎಂಟರ್ ಒತ್ತಿದರೂ ನಮ್ಮದೇ ಉಳಿಯುತ್ತದೆ. ಪೋಸ್ಟ್‌ಗ್ರೆಸ್ ವಿಷಯದಲ್ಲಂತೂ ತುಂಬಾ ಸಮಾಧಾನ ಆಯಿತು. ಹಳೆಯ 13 ತನ್ನ 5432 ಪೋರ್ಟ್‌ನಲ್ಲೇ ಓಡುತ್ತಿತ್ತು. ಹೊಸ 15 ಪಕ್ಕದಲ್ಲಿ, 5433ರಲ್ಲಿ, ಖಾಲಿ ಕೂತಿತ್ತು. ಡೇಟಾ ಯಾವಾಗ ಸಾಗಿಸಬೇಕು ಅನ್ನುವುದು ನನ್ನ ಕೈಯಲ್ಲೇ ಇತ್ತು. ಆ ಖಾಲಿ ಕ್ಲಸ್ಟರ್ (15ರ ಡೇಟಾಬೇಸ್‌ಗಳ ಜಾಗ) ಅಳಿಸಿ, ಹಳೆಯದನ್ನು 15ಕ್ಕೆ ಏರಿಸಿ, ಆ್ಯಪ್ ಪರೀಕ್ಷಿಸಿ, ಕೊನೆಗೆ 13ನ್ನು ತೆಗೆದೆ.

ಉಬುಂಟು ಕೂಡ ಇದರಲ್ಲಿ ಚೆನ್ನಾಗಿಯೇ ಪಾಸಾಯಿತು. ಆದರೂ ನಾನು ಡೆಬಿಯನ್ ಆರಿಸಿದೆ. ನಾನಾಗಿ ಕೇಳದ ಸ್ನ್ಯಾಪ್‌ನಂಥವು (ಉಬುಂಟುವಿನ ಬೇರೆಯೇ ಪ್ಯಾಕೇಜ್ ವ್ಯವಸ್ಥೆ) ಅದರಲ್ಲಿ ಇರುವುದಿಲ್ಲ. ಕಡಿಮೆ ಇದ್ದಷ್ಟೂ ನೋಡಿಕೊಳ್ಳುವುದು ಸುಲಭ. ಅಪ್‌ಗ್ರೇಡ್ ಗೋಜೇ ಬೇಡ, ಹತ್ತು ವರ್ಷ ಹಾಗೇ ಓಡಲಿ ಅನ್ನುವವರಿಗೆ ಆಲ್ಮಾನೇ ವಾಸಿ.

ಒಂದು ಮಾತು ಮೊದಲೇ ಗೊತ್ತಿರಲಿ. ಡೆಬಿಯನ್‌ನಲ್ಲಿ ಪ್ಯಾಕೇಜ್‌ನ ಆವೃತ್ತಿ ಸಂಖ್ಯೆ ಹಳೆಯದಾಗಿ ಕಾಣುತ್ತದೆ. ಸೆಕ್ಯುರಿಟಿ ತಿದ್ದುಪಡಿಗಳನ್ನು ಆ ಹಳೆ ಆವೃತ್ತಿಗೇ ಸೇರಿಸುತ್ತಾರೆ. ಸೆಕ್ಯುರಿಟಿ ಸ್ಕ್ಯಾನರ್ ಕೆಂಪು ತೋರಿಸಿದರೆ ಗಾಬರಿ ಬೇಡ, ಪ್ಯಾಕೇಜ್‌ನ ಚೇಂಜ್‌ಲಾಗ್‌ನಲ್ಲಿ (ಬದಲಾವಣೆಗಳ ಪಟ್ಟಿಯಲ್ಲಿ) ಆ ದೋಷದ ಸಿವಿಇ ನಂಬರ್ (ಸೆಕ್ಯುರಿಟಿ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಇದೆಯಾ ನೋಡಿ.

ಆ ತಾಲೀಮಿನ ವಿಎಂ ಅನ್ನು ನಾನು ಅಳಿಸಲಿಲ್ಲ. ಡೆಬಿಯನ್ 12ರ ಎಲ್‌ಟಿಎಸ್ 2028ರ ಜೂನ್‌ವರೆಗೂ ಇದೆ. ಆದರೂ 2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂದ ವಾರವೇ ಅದರಲ್ಲಿ ಮತ್ತೆ ಅಪ್‌ಗ್ರೇಡ್ ಮಾಡಿ ನೋಡಿದೆ.